ಬ್ಯಾಟರಿ ಬದಲಾಯಿಸೋ ಮುಂಚೆ

…ಮೊದಲು ಅದನ್ನ ಬಿಸಿಲಿಂದ ಈಚೆ ಇಡು, ಜುಸಾರ. ಗಾಜಿನ ಮೇಲೆ ಬೇಡ, ಇಲ್ಲಿ, ಬಟ್ಟೆ ಮೇಲೆ. ಹಾಂ. ದೇವರು ಒಳ್ಳೇದು ಮಾಡ್ಲಿ ಮಗಳೇ. ನೀನು ಆಶೀರ್ವಾದ ಕೇಳಿದ್ದು ಕೇಳಿಸ್ತು, ಕೈಗೆ ಗ್ರೀಸ್ ಮೆತ್ತಿತ್ತು ಅಷ್ಟೆ. ಚರ್ಚಲ್ಲಿ ನಿನ್ನ ತಲೆಗೆ ನೀರು ಹಾಕಿಸುವಾಗ ಎತ್ತಿಕೊಂಡಿದ್ದವನು ನಾನು. ನಾನು ಮಾತು ಬಿಟ್ಟಿದ್ದು ನಿಮ್ಮಪ್ಪ ಒತೊನಿಯೆಲ್ ಜತೆ, ನಿನ್ನ ಜತೆ ಅಲ್ಲ. ಅವನು ತೀರಿಹೋದ ಏಳನೇ ದಿನದ ಪೂಜೆಗೂ ಬಂದಿದ್ದೆ. ಹಿಂದೆ, ಕಂಬದ ಹತ್ತಿರ ನಿಂತಿದ್ದೆ.

ಇನ್ನೊಂದ್ಸಲ ಹೇಳು. ಸಾವೊ ಪಾವ್ಲೊದಲ್ಲಿ ಯಾವನೋ ಹಳೇ ವಿಡಿಯೋ ಗೇಮ್ ಕೂಡಿಡೋನು… ಈ ಕ್ಯಾಸೆಟ್ಟಿಗೆ… ಅಷ್ಟಾ? ಇದಕ್ಕಾ? ನಾನೂ ನಿಮ್ಮಪ್ಪನೂ ಗೇಮ್ ಬಾಡಿಗೆ ಕೊಡೋ ಅಂಗಡಿ ಹಿಂದಿನ ಕೋಣೇಲಿ ಕೂತು ಕದ್ದುಮುಚ್ಚಿ ಮಾಡಿದ್ದು ಕಣೇ ಇದು. ಜಪಾನಿನವರ ಫುಟ್‌ಬಾಲ್ ಆಟದೊಳಗೆ ನಮ್ಮ ರೆಸಿಫೆಯ ಬಡಾವಣೆಗಳ ಹೆಸರು ತುರುಕಿದ್ವಿ. ಒಂದೇ ಒಂದು ಮಾಡಿದ್ದು. ಓ, ಅದಕ್ಕೇ ಬೆಲೆ ಅಂತಾನಾ.

ಮಾರಬೇಡ. ಯಾಕಂದ್ರೆ… ಇವಕ್ಕೆ ಬೆಲೆ ನಿಲ್ಲಲ್ಲ ಕಣಮ್ಮ. ಕೊಳ್ಳೋರು ಯಾರು ಹೇಳು? ನಲವತ್ತು ದಾಟಿದ ಗಂಡಸರು. ಚಿಕ್ಕವರಿದ್ದಾಗ ಅಮ್ಮ ಕೊಡಿಸಲಿಲ್ಲ, ಈಗ ಸಂಬಳ ಬರತ್ತೆ, ತಗೋತಾರೆ. ನಾಳೆ ಮಂಡಿನೋವು ಬಂದ ಮೇಲೆ ಮಾತ್ರೆ ತಗೋತಾರೆ. ಅವರ ಮಕ್ಕಳಿಗೆ ಇದನ್ನ ಯಾವ ಕಡೆಯಿಂದ ತುರುಕಬೇಕು ಅನ್ನೋದೂ ಗೊತ್ತಿಲ್ಲ. ಬೆಲೆ ನೆಲ ಕಚ್ಚತ್ತೆ, ನೋಡ್ತಿರು.

ಹಾಗಾದ್ರೆ ಬೀಳೋ ಮುಂಚೆ ಈಗಲೇ ಮಾರ್ತೀನಿ ಅಂದ್ರೆ… ತಡಿ. ಏರಲೂಬಹುದು. ಇಂಥವು ಬರಬರುತ್ತಾ ಕಮ್ಮಿ ಆಗ್ತವೆ ನೋಡು, ಕಮ್ಮಿ ಆದಷ್ಟೂ ಬೆಲೆ. ಹತ್ತು ವರ್ಷ ಇಟ್ಕೋ, ಬಂಗಾರ ಆಗತ್ತೆ. ಯಾಕೆ ನಗ್ತೀಯ? ಎರಡೂ ನಿಜ. ಈ ಸಾಲಲ್ಲಿ ಯಾವ ಅಂಗಡಿಯವನನ್ನ ಬೇಕಾದ್ರೂ ಕೇಳು. ಮಾರುವಾಗ ಏರತ್ತೆ ಅಂತಾನೆ, ಕೊಳ್ಳುವಾಗ ಬೀಳತ್ತೆ ಅಂತಾನೆ. ನಾನು ಯಾವ ಕಡೆಯವನು ಅಂದ್ರೆ… ನಾನು ರಿಪೇರಿಯವನು.

ಗೊತ್ತಮ್ಮ, ಮನೆ ವಿಷಯ ಗೊತ್ತು. ನೀನು ಬಚ್ಚಲಿಗೆ ಹೋದ್ರೂ ನಿಮ್ಮತ್ತೆ ಬಾಗಿಲ ಹೊರಗೆ ನಿಂತು ಮಾತಾಡ್ತಾಳೆ. ಬೇರೆ ಮನೆಗೆ ಮುಂಗಡ ಈ ವಾರವೇ ಕೊಡಬೇಕು, ಇಲ್ಲದಿದ್ರೆ ಆ ಮನೆ ಕೈತಪ್ಪತ್ತೆ. ನಾನೇನು ಕಲ್ಲಲ್ಲ.

ಹೊಸ ಬ್ಯಾಟರಿ ಹಾಕಿಸಿದ್ರೆ ಮಾತ್ರ ತಗೋತಾನಂತಾ? ಹಾಕಬಹುದು. ನಾನು ದಿನಾ ಮಾಡೋ ಕೆಲಸ. ಹಳೇದು ಬಿಚ್ಚಿದ ಕೂಡಲೇ ಒಳಗೆ ಉಳಿಸಿಟ್ಟ ಆಟ ಪೂರ್ತಿ ಅಳಿಸಿಹೋಗತ್ತೆ, ಅಷ್ಟೆ. ಏನಿರತ್ತೆ ಒಳಗೆ, ಯಾವುದೋ ಹಳೇ ಟೂರ್ನಮೆಂಟು… ಇವತ್ತಾ? ಇವತ್ತು ಆಗಲ್ಲ. ಬ್ಯಾಟರಿ ಇಲ್ಲ. ಆ ಡಬ್ಬೀಲಿರೋದಾ? ಅದು ಬೇರೆಯವರದ್ದು. ಹೂಂ, ಡಬ್ಬಿ ಪೂರ್ತಿ ಬೇರೆಯವರದ್ದೇ.

ನನಗ್ಯಾಕಮ್ಮ ಇದರ ಮೇಲೆ ಆಸೆ? ಮಾತು ಬಿಟ್ಟಿದ್ದೇ ಇದರಿಂದ. ಅವನ ತಂಡ ಅಫೊಗಾದೋಸ್, ನಂದು ಕಾಸಾ ಅಮರೆಲಾ. ನನ್ನ ತಂಡದ ಗೋಲ್‌ಕೀಪರ್‌ಗೆ ನಿಮ್ಮಪ್ಪ ಯಾವ ಹೆಸರು ಇಟ್ಟ ಗೊತ್ತಾ? ಜೆನೆಸಿಯೊ. ನನ್ನ ಹೆಸರು. ಬಂದ ಬಾಲನ್ನೆಲ್ಲ ಒಳಗೆ ಬಿಡೋ ಗೋಲ್‌ಕೀಪರ್‌. ಬಾಲ್ ಬಿಟ್ಟವನನ್ನ ಕೋಳಿ ಅಂತ ಕೂಗ್ತಾರಲ್ಲ, ಇಡೀ ಬೀದಿ ನನ್ನ ನೋಡಿ ಕೊಕ್ಕೊಕ್ಕೊ ಅಂತಿತ್ತು. ರೊಟ್ಟಿ ಅಂಗಡಿಯವಳು ಮೊಟ್ಟೆ ಬೇಕಾ ಅಂತ ಕೇಳೋಳು. ಅಳಿಸು ಅಂದೆ. ಬೆಸುಗೆ ಹಾಕಾಯ್ತು, ಇನ್ನು ಆಗಲ್ಲ ಅಂದ. ಅವತ್ತಿಂದ ಅವನ ಮುಖ ನೋಡಿಲ್ಲ, ಈ ಕ್ಯಾಸೆಟ್ಟೂ ಮುಟ್ಟಿಲ್ಲ. ಈ ಸ್ಕ್ರೂ ನೋಡು, ಹೋದ ತಿಂಗಳೇ ಬಿಗಿ ಮಾಡಬೇಕು ಅಂದ್ಕೊಂಡೆ, ಮರೆತೆ.

…ಏನು? ಹೋದ ತಿಂಗಳು ಅಂದೆನಾ?

ಬಿಯು ಹೇಳಿದನಾ? ಆ ವ್ಯಾನ್ ಡ್ರೈವರ್ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ಸರಿ, ಹೌದು. ಶನಿವಾರ ಅವನ ವ್ಯಾನಲ್ಲಿ ಬರ್ತಿತ್ತು. ನಾನು ನನ್ನ ತಂಡದ ಪಂದ್ಯ ಆಡಿ, ಉಳಿಸಿ ವಾಪಸ್ ಕಳಿಸ್ತಿದ್ದೆ. ಆಮೇಲೆ ಅವನು ಅವನ ತಂಡದ್ದು ಆಡಿ ಕಳಿಸೋನು. ಒಂದು ಚೀಟಿ ಇಲ್ಲ, ಚೆನ್ನಾಗಿದ್ದೀಯಾ ಅನ್ನೋದಿಲ್ಲ. ಇಷ್ಟು ವರ್ಷವೂ ಹೀಗೇ. ಇದನ್ನ ಮಾತಾಡೋದು ಅನ್ನಲ್ಲ ಯಾರೂ.

ಫೈನಲ್ಲಾ? ಫೈನಲ್ಲಲ್ಲಿ ಎದುರುಬದುರು ಆಗಲೇ ಇಲ್ಲ. ಹಾಗೆ ಎದುರಾದ್ರೆ ಇಬ್ಬರೂ ಒಂದೇ ಟಿವಿ ಮುಂದೆ, ಒಂದೇ ಬೆಂಚಲ್ಲಿ ಕೂತು ಆಡಬೇಕಾಗತ್ತಲ್ಲ. ಅದಕ್ಕೆ ಸೆಮಿಫೈನಲ್ಲಲ್ಲಿ ಒಬ್ಬ ಸೋತುಬಿಡೋದು. ಒಂದು ಟೂರ್ನಮೆಂಟಲ್ಲಿ ಅವನು, ಮುಂದಿನದರಲ್ಲಿ ನಾನು. ಹೇಳಿಕೊಂಡು ಮಾಡಿದ್ದಲ್ಲ, ಹಾಗೇ ರೂಢಿ ಆಯ್ತು. ಸೋಲೋದೇನು ಸುಲಭ ಅಂದ್ಕೊಂಡೆಯಾ? ಎದುರು ಆಡೋ ಆ ಯಂತ್ರ ಎಷ್ಟು ಪೆದ್ದು ಅಂದ್ರೆ ದಾರಿ ಬಿಟ್ಟು ನಿಂತರೂ ಗೋಲ್ ಹೊಡೆಯಲ್ಲ. ನಮ್ಮ ಗೋಲಿಗೆ ನಾನೇ ಹೊಡ್ಕೋಬೇಕಾಗಿತ್ತು.

ಆಯ್ತು, ತಾ, ನಡೆಯತ್ತಾ ನೋಡೋಣ. ಊದಬೇಡ, ಎಂಜಲು ಬಿದ್ರೆ ತುಕ್ಕು ಹಿಡಿಯತ್ತೆ. ನಾನು ಊದಿದ್ದು ಬೇರೆ, ನನಗೆ ಅಭ್ಯಾಸ. ಹಾಂ, ಬಂತು. ಆ ಗುಂಡಿ ಒತ್ತು.

…ಫೈನಲ್. ಅಫೊಗಾದೋಸ್, ಕಾಸಾ ಅಮರೆಲಾ.

ಗೆದ್ದಿದ್ದಾನೆ. ನಿಮ್ಮಪ್ಪ ಸೆಮಿಫೈನಲ್ ಗೆದ್ದುಬಿಟ್ಟಿದ್ದಾನೆ. ನೀನೇನಾದ್ರೂ ಆಡಿದೆಯಾ? ಇಲ್ವಾ? ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಮಂಚದಲ್ಲಿ ದಿಂಬಿಗೊರಗಿ ಅವನೇ ಆಡಿದ್ದಾ… ಹಾಗಾದ್ರೆ ಮರೆತಿದ್ದಾನೆ. ಕಾಯಿಲೆ ಬಿದ್ದವನು, ಪಾಪ. ಈ ಸಲ ಸೋಲೋ ಸರದಿ ಅವನದಾಗಿತ್ತು.

ಅವನದೇ ಕಣಮ್ಮ.

ಹಾಗೆ ನನ್ನ ಮುಖವನ್ನೇ ನೋಡ್ತಾ ಕೂತ್ರೆ ನಾನೇನು ಮಾಡ್ಲಿ?

…ನಂದು. ಸೋಲಬೇಕಾದವನು ನಾನು. ಅವನನ್ನ ಆಸ್ಪತ್ರೆಗೆ ಸೇರಿಸಿದ್ರು ಅಂತ ಬಿಯು ಹೇಳಿದ. ಅವತ್ತು ಸೋಲೋಕೆ ಕೈ ಬರಲಿಲ್ಲ. ಗೆದ್ದು ಕಳಿಸಿದೆ. ನನಗೆ ಅವನನ್ನ ನೋಡಬೇಕಿತ್ತು ಕಣಮ್ಮ, ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ. ಅವನೂ ಗೆದ್ದು ಕಳಿಸಿದ್ರೆ ಬಾ ಅಂದ ಹಾಗೆ, ಸೋತು ಕಳಿಸಿದ್ರೆ ಬರಬೇಡ ಅಂದ ಹಾಗೆ. ಶನಿವಾರ ಬಂತು, ಕ್ಯಾಸೆಟ್ ಬರಲಿಲ್ಲ. ಸೋತಿದ್ದಾನೆ, ಕಳಿಸೋಕೂ ಬೇಜಾರು ಅಂದ್ಕೊಂಡು ಸುಮ್ಮನಾದೆ. ಇವತ್ತು ನೀನು ತಂದಾಗಲೂ ಹಾಕಿ ನೋಡೋಕೆ ಭಯ ಆಯ್ತು. ಅವನು ಗೆದ್ದು, ನನ್ನ ದಾರಿ ನೋಡ್ತಾ ಮಲಗಿದ್ದ.

ಇಲ್ಲ, ತಗೊಂಡು ಹೋಗಬೇಡ. ಮಾರೋಣ, ನಿನಗೆ ಮನೆ ಆಗಲಿ. ಬ್ಯಾಟರಿ ಇವತ್ತೇ ಹಾಕ್ತೀನಿ. ಬೆಸುಗೆ ಕಡ್ಡಿ ಕಾಯೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಆ ಸ್ಟೂಲ್ ಎಳ್ಕೊಂಡು ಈ ಕಡೆ ಬಾ. ಅವನ ತಂಡ ನೀನು ಆಡು.