ಬೇಗ ಸಾಯುತ್ತಿದ್ದ ನಟ

ಗ್ಲೆಂಡೇಲಿನ ಹಳೆಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಸರದಿಯಲ್ಲಿ ನಿಂತಿದ್ದ ಕ್ಲೈಡನಿಗೆ, ಮುಂದಿದ್ದ ಇಬ್ಬರು ಮುದುಕಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಯಾವಾಗ್ಲೂ ತೆರೆ ಮೇಲೆ ನಿನ್ನ ಗಂಡ ಸತ್ತ ತಕ್ಷಣ ಎದ್ದು ಹೊರಟುಬಿಡ್ತೀಯಲ್ಲ, ಆಲ್ಮಾ. ನಿನ್ನ ಜೊತೆ ಬಂದು ಒಂದು ಸಿನಿಮಾನೂ ಕೊನೇವರೆಗೆ ನೋಡಿಲ್ಲ ನಾನು."

"ಹೀರೋನ ನೋಡೋಕೆ ಊರೆಲ್ಲ ಇದೆ ಬಿಡು, ಹೆಸ್ಟರ್."

"ಹೆಂಡದಂಗಡಿಯವನಾಗಿ ಸತ್ತ, ಷೆರೀಫನ ಬಂಟನಾಗಿ ಸತ್ತ. ಮೊದಲನೇ ಗುಂಡು ಯಾವಾಗ್ಲೂ ಅವನಿಗೇ."

"ಒಳ್ಳೇದೇ ಆಗ್ತಿತ್ತು. ಬೆಳಗ್ಗೆ ಸ್ಟುಡಿಯೋದಲ್ಲಿ ಸತ್ರೆ ರಾತ್ರಿ ಊಟಕ್ಕೆ ಮನೇಲಿರ್ತಿದ್ದ. ಅಂಗಿ ಮೇಲಿನ ರಕ್ತ ಚಾಕೊಲೇಟ್ ಪಾಕ ಕಣೇ. ನಾನು ಒಗೆಯೋಕೆ ಮುಂಚೆ ಮಗಳು ನೆಕ್ಕಿಬಿಡೋಳು."

"ಇದ್ರಲ್ಲಿ ಸಾಯಲ್ವಂತೆ. ಟಿಕೆಟ್ ಕೊಡೋನನ್ನ ಕೇಳ್ಕೊಂಡೇ ಬಂದೆ."

"ಗೊತ್ತು. ಅದಕ್ಕೇ ಇಷ್ಟು ವರ್ಷ ನೋಡಿಲ್ಲ."

"ಯಾಕೆ?"

"ಇದಕ್ಕೋಸ್ಕರ ಹನ್ನೊಂದು ವಾರ ಅರಿಜೋನಾ ಮರಳುಗಾಡಲ್ಲಿದ್ದ. ಮಗಳು ಹುಟ್ಟಿದ್ದು ಆಗಲೇ. ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಹಾಲಿನವನು."

"ಮತ್ತೆ ಇವತ್ತೇನು ಬಂದಿದ್ದು?"

"ಮೊನ್ನೆ ಅವಳಿಗೆ ನಲವತ್ತು ತುಂಬಿತು. ಇನ್ನು ಕೋಪ ಸಾಕು ಅನ್ನಿಸ್ತು."

ಆಲ್ಮಾ ತಾನೇ ಮುಂದುವರಿಸಿದಳು.

"ಮಗು ಹುಟ್ಟಿದ ತಂತಿ ಅವನ ಕೈಗೆ ಬಂದಿದ್ದು ಕಳ್ಳನ್ನ ಗಲ್ಲಿಗೇರಿಸೋ ಸೀನಿಗೆ ಮುಂಚೆಯಂತೆ. ಹಗ್ಗ ಹಿಡ್ಕೊಂಡು ನಿಂತೋನು ನಕ್ಕುಬಿಟ್ಟೆ, ಅದನ್ನ ಸಿನಿಮಾದಲ್ಲಿ ಹಾಗೇ ಉಳಿಸಿದಾರೆ ಅಂತಿದ್ದ. ನಾನು ನಂಬಿರ್ಲಿಲ್ಲ."

ಬಾಗಿಲು ತೆರೆಯಿತು. ಸರದಿ ಕದಲಿತು.

"ಕನ್ನಡಕ ತಂದಿದೀಯಾ?"

"ಎರಡು ತಂದಿದೀನಿ," ಎಂದು ಆಲ್ಮಾ ಒಳಗೆ ಹೋದಳು.