ವಾಪಸ್ಸು ಹೋಗದ ಗಿಟಾರು

ಇದು ಹೋದ ಡಿಸೆಂಬರಿನಲ್ಲಿ ನನ್ನ ಚಿಕ್ಕಮ್ಮನ ಮಗಳು ಲೀಲಾಗೆ ಆದದ್ದು. ದೀಪ ಆರಿಸಿಕೊಂಡೇ ಕೇಳಿ, ಪರವಾಗಿಲ್ಲ... ನಡುವೆ ನಗಬೇಡಿ, ಅಷ್ಟೆ. ನಕ್ಕವರ ಮೇಲೆ ಅವಳಿಗೆ ಇನ್ನೂ ಸಿಟ್ಟಿದೆ.

ದಿಲ್ಲಿಯ ಆರ್.ಕೆ.ಪುರಂ. ರಾತ್ರಿ ಒಂಬತ್ತರ ಹತ್ತಿರ. ಚಾಚಿದ ಕೈಯ ಬೆರಳು ಕಾಣದಂಥ ಮಂಜು. ಸರೋಜಿನಿ ನಗರದಿಂದ ಕರೆತಂದ ಆಟೋದವನು ಕಾಲೋನಿಯ ಗೇಟಿನಲ್ಲೇ ನಿಲ್ಲಿಸಿ, "ಅಂದರ್ ನಹೀಂ ಜಾವೂಂಗಾ, ಮೇಡಂ" ಅಂದ. ಲೀಲಾ ಬೈದುಕೊಂಡೇ ಇಳಿದಳು. ಬೆನ್ನ ಮೇಲೆ ಆಗಷ್ಟೇ ಕೊಂಡ ಗಿಟಾರಿನ ಚೀಲ. ಕ್ವಾರ್ಟರ್ಸಿಗೆ ಹೋಗುವ ಒಳದಾರಿಯಲ್ಲಿ ಒಂದು ಆಲದ ಮರ, ಅದರ ಪಕ್ಕ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ ಹಳೇ ಬಾವಿ.

ಬಾವಿಯ ಹತ್ತಿರ ಬಂದಳು... ಟೊಂಯ್.

ಒಂದೇ ತಂತಿ. ದಪ್ಪದ್ದು. ಚೀಲದ ಒಳಗಿನಿಂದ.

ಚಳಿಗೆ ತಂತಿ ಬಿಗಿದಿರಬೇಕು ಅಂದುಕೊಂಡು ನಡೆದಳು. ನಾಲ್ಕು ಹೆಜ್ಜೆ. ಟಿಣ್... ಈ ಸಲ ತೆಳು ತಂತಿ. ಲೀಲಾ ನಿಂತು, ಮಗುವಿಗೆ ಹೇಳುವ ಹಾಗೆ, "ಸುಮ್ನಿರು" ಅಂದಳು.

ಅದು ಸುಮ್ಮನಾಯಿತು.

ಹೆದರಬೇಕಿತ್ತು. ಹೆದರಲಿಲ್ಲ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವಳ ಮಾತನ್ನು ಒಂದೇ ಸಲಕ್ಕೆ ಯಾರಾದರೂ ಕೇಳಿದ್ದು ಅದೇ ಮೊದಲು.

ಮನೆಯಲ್ಲಿ ಗಂಡ ಯಶವಂತ ಚೀಲ ಬಿಚ್ಚಿಸಿ ನೋಡಿದ. ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. ಯಾವ ಕಾಗದ ಬಂದರೂ ಮೊದಲು ತಪ್ಪು ಹುಡುಕುವ ಕೆಲಸ. "ಏನೇ ಇದು? ಪಿಟೀಲಿಗೆ ಬಾವು ಬಂದ ಹಾಗಿದೆ."

ಸುಳ್ಳಲ್ಲ. ಸಾಮಾನ್ಯ ಗಿಟಾರಿನ ಹೊಟ್ಟೆ ಚಪ್ಪಟೆ, ನಡುವೆ ಒಂದು ದುಂಡು ತೂತು. ಇದು ಆರ್ಚ್‌ಟಾಪ್. ಮೈ ಪಿಟೀಲಿನ ಹಾಗೆ ಉಬ್ಬಿರುತ್ತದೆ, ಎರಡೂ ಪಕ್ಕ ಬಳುಕಿದ ಉದ್ದ ಸೀಳು. ದುಬಾರಿ ವಾದ್ಯ, ಇದು ಅದರ ಅಗ್ಗದ ಅವತಾರ. ಬಣ್ಣ ಅತಿಯಾಗಿ ಮಿರುಗುತ್ತಿತ್ತು, ಬಿರಡೆಗಳು ಗಡಸಾಗಿದ್ದವು. ಆದರೆ ಮೀಟಿದರೆ... ಒಣ ಕಟ್ಟಿಗೆಯ ಮೇಲೆ ಬೆರಳು ಗುದ್ದಿದ ಹಾಗೆ ಚುರುಕಾದ, ಗಿಡ್ಡ ನಾದ. ಗುಂಯ್‌ಗುಡುವುದಿಲ್ಲ. ಹೇಳುವುದನ್ನು ಹೇಳಿ ಬಾಯಿ ಮುಚ್ಚುತ್ತದೆ. ಅಂಗಡಿಯಲ್ಲಿ ಲೀಲಾಗೆ ಇಷ್ಟವಾಗಿದ್ದೂ ಅದೇ.

"ಅಮೂಲ್ಯಾದು ಬೋರ್ಡ್ ಎಕ್ಸಾಂ ವರ್ಷ. ಈಗ ಬೇಕಿತ್ತಾ?" ಯಶವಂತ ಮಗಳ ಕೋಣೆಯತ್ತ ಕಣ್ಣು ಹಾಯಿಸಿ, ಅಂಗಡಿಯ ಬಿಲ್ಲು ತಿರುವಿ ನೋಡಿದ. "ಏಳು ದಿನದೊಳಗೆ ವಾಪಸ್ ತಗೋತಾರಂತೆ. ಒಳ್ಳೇದಾಯ್ತು."

ಕಾಲೇಜಿನ ದಿನದಿಂದ ಅವಳ ಹತ್ತಿರ ಇದ್ದ ಗಿಟಾರನ್ನು ದಿಲ್ಲಿಗೆ ವರ್ಗವಾದಾಗ ಇವನೇ ಯಾರಿಗೋ ಕೊಟ್ಟುಬಿಟ್ಟಿದ್ದ. ಕೇಳದೆ. "ಇದು ಹೋದರೆ ನಾನೂ ಹೋಗ್ತೀನಿ ಅಂತ ತಿಳ್ಕೊಳ್ಳಿ" ಅಂದಳು ಲೀಲಾ. ಅವನು ನಕ್ಕ.

ಮರುದಿನ ಹಗಲು ಬೆಳಕಿನಲ್ಲಿ ನೋಡಿದರೆ, ಗಿಟಾರಿನ ಮೇಲಂಚಿನಲ್ಲಿ ಒಂದು ಕಡೆ ಮಾತ್ರ ಹೊಳಪು ಸವೆದಿತ್ತು. ಅಲ್ಲಿ ಬಲ ಮೊಣಕೈ ಊರುತ್ತದೆ. ಹೊಸ ವಾದ್ಯದಲ್ಲಿ ಯಾರ ಮೊಣಕೈ? ಉರಿದುಕೊಂಡೇ ಅಂಗಡಿಗೆ ಫೋನು ಮಾಡಿದಳು. ಅವನು ಎಳೆದೆಳೆದು ಒಪ್ಪಿಕೊಂಡ. "ಏಕ್ ಬಾರ್ ರಿಟರ್ನ್ ಹುವಾ ಥಾ, ಮೇಡಂ. ಆಪ್ ಹೀ ಕೀ ಕಾಲೋನಿ ಸೇ. ನಿಮ್ಮದೇ ಕಾಲೋನಿಯ ಒಬ್ಬ ಲೇಡಿ ತಗೊಂಡಿದ್ರು... ಅವರ ಹಸ್ಬೆಂಡ್ ತಂದು ಕೊಟ್ರು."

"ಆ ಲೇಡಿ?"

ಫೋನು ಇಟ್ಟುಬಿಟ್ಟ.

ಆ ಸಂಜೆ ಲೀಲಾ ಒಂದು ತಪ್ಪು ಮಾಡಿದಳು. ಹೊಸ ವಾದ್ಯಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಡದೆ ನುಡಿಸುವುದು ನಮ್ಮ ಮನೆಗಳಲ್ಲಿ ಇಲ್ಲ. ಹಚ್ಚುವ ಮುಂಚೆ ಚೆನ್ನಾಗಿ ಒರೆಸೋಣ ಅಂತ ಆರೂ ತಂತಿ ಒಟ್ಟಿಗೆ ಸಡಿಲಿಸಿದಳು. ಈ ಜಾತಿಯ ಗಿಟಾರಿನಲ್ಲಿ ತಂತಿ ಹೊರುವ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಯ ಬಿಗಿಯೇ ಅದನ್ನು ಒತ್ತಿ ಹಿಡಿದಿರುತ್ತದೆ. ಟಕ್... ಕುದುರೆ ನೆಲಕ್ಕೆ ಬಿತ್ತು. ಕೂದಲೆಳೆಯಷ್ಟು ಆಚೀಚೆ ಕೂರಿಸಿದರೂ ಸ್ವರವೆಲ್ಲ ಕೆಡುತ್ತದೆ, ಎಲ್ಲಿತ್ತೆಂದು ಗುರುತಿಲ್ಲ. ಒಂದೂವರೆ ಗಂಟೆ ಹೆಣಗಿದಳು.

"ಮುರಿದೂ ಆಯ್ತಾ?" ಅಂದ ಯಶವಂತ, ಟೀವಿಯಿಂದ ಕಣ್ಣು ತೆಗೆಯದೆ.

ಲೀಲಾ ಎಲ್ಲವನ್ನೂ ದೇವರ ಗೂಡಿನ ಕೆಳಗೆ ಬಿಟ್ಟು ಮಲಗಿದಳು. ಸಿಟ್ಟಿಗೆ ನಿದ್ದೆ ಹತ್ತಲಿಲ್ಲ. ಎರಡು ಗಂಟೆಯ ಮೇಲೆ ಹಾಲಿನಿಂದ ಕೇಳಿಸಿತು. ಕಿರ್ರ್... ಬಿರಡೆ ತಿರುಗಿದ ಸದ್ದು. ಟಿಣ್. ಮತ್ತೆ ಕಿರ್ರ್. ಪಕ್ಕದಲ್ಲಿ ಯಶವಂತ ಗೊರಕೆ ಹೊಡೆಯುತ್ತಿದ್ದ.

ಬೆಳಿಗ್ಗೆ ಕುದುರೆ ತನ್ನ ಜಾಗದಲ್ಲಿ ತುಸು ಓರೆಯಾಗಿ ನಿಂತಿತ್ತು. ಆರೂ ತಂತಿ ಶ್ರುತಿಯಲ್ಲಿದ್ದವು.

"ಯಾರು ಮುಟ್ಟಿದ್ದು ನನ್ನ ಗಿಟಾರು?"

"ಮಮ್ಮಿ, ಕಸಮ್ ಸೇ, ನಾನು ಮುಟ್ಟೇ ಇಲ್ಲ" ಅಂದಳು ಅಮೂಲ್ಯ. "ನಂಗೆ ಟ್ಯೂನಿಂಗ್ ಆತಾ ಭೀ ನಹೀಂ."

ಏಳನೇ ದಿನ. ಲೀಲಾ ಆಫೀಸಿನಿಂದ ಹಿಂದಿನ ಗೇಟಿನ ದಾರಿಯಲ್ಲಿ ಬಂದಾಗ ಏಳೂವರೆ. ಗೂಡಿನ ಕೆಳಗೆ ಜಾಗ ಖಾಲಿ.

"ಪಾಪಾ ಲೇ ಗಯೇ. ಏಳಕ್ಕೇ," ಅಂದಳು ಮಗಳು, ಮುಖ ನೋಡದೆ.

ಲೀಲಾ ಚಪ್ಪಲಿ ಬಿಡಲಿಲ್ಲ. ಅಡುಗೆಮನೆಗೆ ಹೋಗಲಿಲ್ಲ. ಅಟ್ಟದಿಂದ ಸೂಟ್‌ಕೇಸು ಇಳಿಸಿ ನಾಲ್ಕು ಸೀರೆ ತುಂಬಿ, ಬಾಗಿಲ ಪಕ್ಕ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಎಂಟಾಯಿತು. ಒಂಬತ್ತಾಯಿತು. ಫೋನು ಎತ್ತಲಿಲ್ಲ ಅವನು. ಹತ್ತೂ ನಲವತ್ತಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ... ಸರ್ರ್... ಸರ್ರ್... ಎಳೆದುಕೊಂಡು.

ಬಾಗಿಲು ತೆಗೆದಳು. ಯಶವಂತ. ಬೆನ್ನ ಮೇಲೆ ಚೀಲ ಹಾಗೇ ಇತ್ತು.

"ಕೊಡಲಿಲ್ವಾ?"

"ಬಾವಿ ಹತ್ರ..." ಪಿಸುಗುಟ್ಟಿದ.

"ಹೂಂ."

"ಒಬ್ಬಳು ಹೆಂಗಸು. ಮೆಲ್ಲಗೆ ಕೇಳಿದಳು... 'ಫಿರ್ ಸೇ ವಾಪಸ್?' ಮತ್ತೆ ವಾಪಸ್ಸಾ, ಅಂತ."

"ಹಿಂದೆ ಯಾರಾದರೂ ಬರ್ತಿದ್ರಾ?"

"ಹಿಂದೆ ಅಲ್ಲ ಕಣೇ... ಚೀಲದೊಳಗೆ."

ಬಾವಿ ಮನೆಯಿಂದ ಮೂರು ನಿಮಿಷದ ದಾರಿ. ಲೀಲಾ ಗಡಿಯಾರ ನೋಡಿದಳು. "ಇಷ್ಟು ಹೊತ್ತು ಏನು ಮಾಡ್ತಿದ್ರಿ?"

ಅವನಿಗೆ ಗೊತ್ತಿರಲಿಲ್ಲ. ಎಡಗೈ ಬಿಚ್ಚಿ ತೋರಿಸಿದ. ನಾಲ್ಕೂ ಬೆರಳ ತುದಿಯಲ್ಲಿ ತಂತಿ ಕೊಯ್ದ ಗೆರೆ. ರಕ್ತ ಜಿನುಗುತ್ತಿತ್ತು.

ಲೀಲಾ ಅವನ ಬೆನ್ನಿಂದ ಚೀಲ ಇಳಿಸಿಕೊಂಡಳು. ಮೊದಲು ಗಿಟಾರನ್ನು ಜಾಗಕ್ಕಿಟ್ಟು, ಆಮೇಲೆ ಅರಿಶಿನ ತಂದಳು. ಸೂಟ್‌ಕೇಸು ಒಂದು ವಾರ ಬಾಗಿಲ ಪಕ್ಕದಲ್ಲೇ ಇತ್ತು. ಅವನು ಅದನ್ನು ದಾಟಿಕೊಂಡು ಓಡಾಡಿದ, ಕೇಳಲಿಲ್ಲ. ಅವಳು ದಿನಾ ಸಂಜೆ ನುಡಿಸುತ್ತಾಳೆ, ಅವನು ಟೀವಿ ಆರಿಸುತ್ತಾನೆ.

ನಂಬದಿದ್ದರೆ ಬಿಡಿ. ಗಾಯ ಮಾಗಿತು, ಗೆರೆ ಹೋಗಲಿಲ್ಲ. ಬೆರಳ ತುದಿ ವರ್ಷಗಟ್ಟಲೆ ನುಡಿಸಿದವರ ಹಾಗೆ ಜಡ್ಡುಗಟ್ಟಿದೆ. ಬಲಗೈಯಲ್ಲಿ ಟಿಫಿನ್ ಚೀಲ ಇರುತ್ತದೆಂದು ಆಫೀಸಿನ ಹಾಜರಿ ಯಂತ್ರಕ್ಕೆ ಅವನು ಎಡಗೈ ತೋರುಬೆರಳನ್ನೇ ಒತ್ತುತ್ತಿದ್ದದ್ದು. ಈಗ ಯಂತ್ರ ಅದನ್ನು ಒಪ್ಪುವುದಿಲ್ಲ. ಬಲಗೈ ಬೆರಳು ದಾಖಲಿಸಿಕೊಳ್ಳಿ ಅಂತ ಅರ್ಜಿ ಕೊಟ್ಟಿದ್ದಾನೆ. ಆ ಅರ್ಜಿಯ ನಕಲನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದು ದಿನವೂ ಗಿಟಾರು ಕಲಿಯದವನು, ಕಾರಣ ಎಂಬಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಾನೆ: ಗಿಟಾರು ಅಭ್ಯಾಸ.