ಹುಲಿಗೆವ್ವನ ಹರಿಗೋಲು

ಕೇಳ್ರಪ್ಪಾ, ಕೇಳ್ರವ್ವಾ! ಹೂಂ ಅನ್ನೋರಿದ್ರೆ ಹೇಳ್ತೀನಿ, ಇಲ್ದಿದ್ರೆ ಎದ್ದು ಹೋಗ್ತೀನಿ.

ಹೆಸರಿಲ್ಲದ ಒಂದು ಸೀಮೇಲಿ ಒಂದು ಹೊಳೆ. ಈಚೆ ದಂಡೇಲಿ ಒಂದು ಮಾತು, ಆಚೆ ದಂಡೇಲಿ ಇನ್ನೊಂದು ಮಾತು, ಭಾಷೆಯೇ ಬೇರೆ. ಹರಿಗೋಲು ಹಾಕೋಳು ಹುಲಿಗೆವ್ವ. ಈಚೆ ಅವಳ ತವರು, ಆಚೆ ಗಂಡನ ಮನೆ. ನಡುಹೊಳೇಲಿ ಒಂದು ಬಂಡೆ. ಅದನ್ನ ದಾಟ್ತಿದ್ದಂಗೇ ಎದುರು ದಂಡೆ ಮಾತನ್ನೇ ಆಡ್ಬೇಕು, ಅದು ಅಂಬಿಗರ ಕಟ್ಟಳೆ.

ಬಂಡೆ ಹತ್ರ ಅವಳ ನಾಲಿಗೆ ಅರೆಗಳಿಗೆ ತಡವರಿಸ್ತಿತ್ತು. ತವರಿನ ಮಾತಿಗೆ ಮರಳುವಾಗಂತೂ ಇನ್ನೂ ಕೊಂಚ ಹೆಚ್ಚೇ! ಸೋಜಿಗ ಅಲ್ವಾ?

ಈಚೆ ಊರಿನ ಸಂಗನಗೌಡ ಅದನ್ನ ಕಂಡ. "ಒಂದು ತಲೇಲಿ ಎರಡು ಮಾತಿದ್ರೆ ಹಿಂಗೇ ಆಗೋದು. ಆಚೆ ಮಾತು ಬಿಟ್ಬಿಡು. ಇಲ್ಲಾಂದ್ರೆ ಹರಿಗೋಲು ಬೇರೆಯೋರಿಗೆ!"

"ಗೌಡ್ರೇ, ಎರಡೂ ನನ್ನ ತಲೇಲಿ ಯಾವಾಗ್ಲೂ ಎದ್ದೇ ಕೂತಿರ್ತಾವೆ. ಒಂದನ್ನ ಆಡುವಾಗ ಇನ್ನೊಂದು ನುಗ್ಗದಂಗೆ ಅದರ ಕೈ ಹಿಡಿದಿರ್ಬೇಕು. ತವರಿಂದು ಗಟ್ಟಿಗಿತ್ತಿ, ಬಿಗಿಯಾಗೇ ಹಿಡೀಬೇಕು. ಹಿಡಿದ ಕೈ ಬಿಡೋಕೆ ಅರೆಗಳಿಗೆ ಬೇಡ್ವಾ?"

"ಒಂದೇ ಸಾಕು!" ಅಂದ ಗೌಡ.

ಹುಲಿಗೆವ್ವ ಅವತ್ತು ರಾತ್ರಿಯೆಲ್ಲಾ ಯೋಚಿಸಿದ್ಳು. ಅವ್ವ ಅವಳನ್ನ ಬೆಳೆಸಿದ್ದು ಈ ಮಾತಲ್ಲಿ, ಅವಳು ಮಕ್ಕಳನ್ನ ತೂಗಿದ್ದು ಆ ಮಾತಲ್ಲಿ. ಯಾವುದನ್ನ ಹೊಳೆಗೆ ಎಸೆದಾಳು?

ಮಾರನೇ ಬೆಳಿಗ್ಗೆ ಗೌಡ ಅವಳ ಉತ್ತರ ಕೇಳೋಕೆ ಬಂದು ಹರಿಗೋಲು ಹತ್ತಿದ. ಬಂಡೆ ಹತ್ರ ಬರ್ತಿದ್ದಂಗೇ ಹುಲಿಗೆವ್ವ, "ಆಗ್ಲಿ ಗೌಡ್ರೇ, ಒಂದೇ ಸಾಕು" ಅಂತ ಹುಟ್ಟನ್ನ ಒಂದೇ ಮಗ್ಗುಲಿಗೆ ಹಾಕೋಕೆ ಶುರು ಮಾಡಿದ್ಳು. ಹರಿಗೋಲು ಮೊದಲೇ ಗುಂಡಗೆ, ಕೇಳ್ಬೇಕಾ? ಒಂದು ಸುತ್ತು ಸುತ್ತಿತು, ಗೌಡ ನಕ್ಕ. ಎರಡು ಸುತ್ತು ಸುತ್ತಿತು, ಗೌಡ ಪೇಟ ಹಿಡ್ಕೊಂಡ. ಮೂರು ಸುತ್ತು ಸುತ್ತಿತು, ಗೌಡನಿಗೆ ಕಣ್ಣು ಕತ್ತಲೆ ಬಂತು.

"ಅಯ್ಯೋ, ಆ ಕಡೆಗೂ ಹುಟ್ಟು ಹಾಕೇ ತಾಯೀ!" ಅಂತ ಚೀರಿದ. ಯಾವ ಮಾತಲ್ಲಿ ಅಂತೀರಿ? ಅಚ್ಚ ಆಚೆ ದಂಡೆ ಮಾತಲ್ಲಿ!

ಹುಲಿಗೆವ್ವನ ಕೈ ನಿಂತೇಹೋಯ್ತು. "ಇದೆಲ್ಲಿತ್ತು ಗೌಡ್ರೇ?"

ಗೌಡನ ಕಣ್ಣು ತುಂಬಿತು. "ನಮ್ಮಜ್ಜಿ ಆಚೆ ಊರೋಳು. ಅವಳ ಮಡಿಲಲ್ಲೇ ಬೆಳೆದೆ. ಗೌಡಿಕೆ ಬಂದ ಮೇಲೆ ಮರೆತೇಬಿಟ್ಟೆ ಅನ್ಕೊಂಡಿದ್ದೆ."

"ಮರೆತಿಲ್ಲ, ಅದರ ಕೈ ಹಿಡ್ಕೊಂಡಿದ್ರಿ ಅಷ್ಟೇ. ತಲೆ ತಿರುಗ್ತು, ಕೈ ಸಡಿಲಾಯ್ತು!"

ಇಬ್ಬರೂ ಬಿದ್ದೂ ಬಿದ್ದೂ ನಕ್ಕರು. ಹುಲಿಗೆವ್ವ ಎರಡೂ ಮಗ್ಗುಲಿಗೆ ಹುಟ್ಟು ಹಾಕಿದ್ಳು, ಹರಿಗೋಲು ನೆಟ್ಟಗೆ ಹೋಯ್ತು. ಅವತ್ತಿಂದ ಗೌಡ ವಾರಕ್ಕೊಮ್ಮೆ ಹೊಳೆ ದಾಟ್ತಾನೆ. ಬಂಡೆ ಹತ್ರ ಅವನೂ ತಡವರಿಸ್ತಾನೆ. ಹುಲಿಗೆವ್ವ ಹುಟ್ಟು ಎತ್ತಿ ಹಿಡಿದು, ಅವನ ಅಜ್ಜಿ ಮಾತು ಎದ್ದು ಬರೋವರೆಗೂ ಕಾಯ್ತಾಳೆ.

ಅವರ ಹರಿಗೋಲು ದಡ ಮುಟ್ಟಿತು, ನನ್ನ ಕಥೆನೂ ದಡ ಮುಟ್ಟಿತು. ಇನ್ನು ಇಳೀರಿ, ಕಾಲು ಜಾರೀತು ಜ್ವಾಕೆ!